ವಟ್ರಸುಳಿಗೂ ಜಾಗ ಬೇಕು

ಕೇಳುಗರೆ, ನಮಸ್ಕಾರ.

ಹಳೆಯ ಗ್ರಂಥಾಲಯಗಳ ಕಾರ್ಡ್ ಸೂಚಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹಿತ್ತಾಳೆಯ ಹಿಡಿ ಎಳೆದರೆ 12.5 ಸೆಂಟಿಮೀಟರ್ ಅಗಲದ ಕಾರ್ಡುಗಳ ಸಾಲು. ಮೇಲೆ ಲೇಖಕರ ಹೆಸರು, ಕೆಳಗೆ ತುಸು ಒಳಸರಿದು ಪುಸ್ತಕದ ಹೆಸರು. ಎಲ್ಲಿ ಕಣ್ಣಿಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಣಕಯಂತ್ರ ಬಂದಾಗ ನಾವು ಗ್ರಂಥಪಾಲಕರು ಹುಡುಕಾಟದ ವೇಗಕ್ಕೆ ಹಿಗ್ಗಿ ಈ ಅಚ್ಚುಕಟ್ಟನ್ನು ಮರೆತೆವು. ನಾನು ಕೆಲಸ ಮಾಡುತ್ತಿದ್ದ ಕಡೆ ಬೂದು ಪರದೆಯ ಮೇಲೆ 100, 245, 300 ಎಂಬ ಸಂಖ್ಯೆಗಳೇ ಓದುಗರಿಗೆ ಎದುರಾಗುತ್ತಿದ್ದವು. ಪುಸ್ತಕದ ಒಂದೊಂದು ವಿವರಕ್ಕೆ ಗ್ರಂಥಪಾಲಕರು ಇಟ್ಟುಕೊಂಡ ಗುರುತುಗಳು ಅವು. 245 ಎಂದರೆ ಪುಸ್ತಕದ ಹೆಸರು. ಅದು ನಮಗೆ ಗೊತ್ತು, ಅವರಿಗೇಕೆ ಗೊತ್ತಿರಬೇಕು? ನಿವೃತ್ತ ಮೇಷ್ಟ್ರೊಬ್ಬರು ಎರಡು ನಿಮಿಷ ನೋಡಿ, "ಇದು ನನಗಲ್ಲಪ್ಪ, ನೀವೇ ಹುಡುಕಿಕೊಡಿ" ಎಂದು ಎದ್ದುಬಿಟ್ಟರು.

ಪರದೆಯ ಅಂದವೆಂದರೆ ಬರೀ ಶೋಕಿ ಎನ್ನುವವರಿದ್ದಾರೆ. 1995ರಲ್ಲಿ ಜಪಾನಿನ ಸಂಶೋಧಕರಾದ ಕುರೊಸು ಮತ್ತು ಕಶಿಮುರಾ ಎಟಿಎಂ ಪರದೆಯ 26 ವಿನ್ಯಾಸಗಳನ್ನು 252 ಜನರಿಗೆ ತೋರಿಸಿದರು. ಅಂದವಾಗಿ ಕಂಡದ್ದನ್ನೇ ಬಳಸಲೂ ಸುಲಭವೆಂದು ಜನ ಎಣಿಸಿದ್ದರು. ಇಸ್ರೇಲಿನ ಸಂಶೋಧಕ ಟ್ರಾಕ್ಟಿನ್ಸ್ಕಿಗೆ ಅನುಮಾನ: ನಮ್ಮವರು ಇಷ್ಟಕ್ಕೆಲ್ಲ ಮರುಳಾಗುವವರಲ್ಲ ಎಂದುಕೊಂಡು ಅದೇ ಪ್ರಯೋಗ ಮಾಡಿದರು. ಅಲ್ಲಿ ನಂಟು ಇನ್ನೂ ಗಟ್ಟಿಯಾಗಿ ಕಂಡಿತು!

ಮುಂದೆ ನಮ್ಮಲ್ಲಿಗೆ ಕೋಹಾ ಬಂತು. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕಾಗಿ 1999ರಲ್ಲಿ ಬರೆದ, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ತಂತ್ರಾಂಶ ಅದು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಪರದೆ ನೋಡಲು ಹಿತವಾಗಿತ್ತು. ಆದರೆ ಕನ್ನಡ ಶೀರ್ಷಿಕೆಗಳ ಪಾಡು ಬೇರೆ. ನಮ್ಮ ಪರದೆಯಲ್ಲಿ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರದ ಅಳತೆಯದು. 'ಸಂಸ್ಕೃತಿ' ಎಂದು ಬರೆದು ನೋಡಿ: ಕಕಾರದ ಒತ್ತು ಕೆಳಗಿಳಿಯುತ್ತದೆ, ಜೊತೆಗೆ ವಟ್ರಸುಳಿ. ಅವೆರಡೂ ಕೆಳಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದು, ಎರಡು ಸಾಲಿನ ಹೆಸರು ಕಲಸಿದ ಅನ್ನದಂತಾಗಿತ್ತು. ವ್ಯವಸ್ಥೆಯೊಳಗೆ ಹೋಗಿ ಸಾಲಿನ ಎತ್ತರವನ್ನು ತುಸು ಹೆಚ್ಚಿಸಿದೆವು, ಅಕ್ಷರವನ್ನು ದೊಡ್ಡದು ಮಾಡಿದೆವು. ಒಂದು ಮಧ್ಯಾಹ್ನದ ಕೆಲಸ. ಇಡೀ ಪರದೆಗೆ ಉಸಿರು ಬಂದಂತಾಯಿತು.

ಪರದೆಯ ಮೊದಲ ಪುಟದಲ್ಲಿ ಚಿತ್ರಗಳು ಜಾರುತ್ತಿರಬೇಕೆಂದು ಕೆಲವರಿಗೆ ಆಸೆ. ನನಗೆ ಅದು ಮದುವೆ ಮಂಟಪದ ದೀಪಾಲಂಕಾರದಂತೆ ಕಾಣುತ್ತದೆ. ಹುಡುಕುವ ಚೌಕವನ್ನು ಕೆಳಕ್ಕೆ ತಳ್ಳುವ ಅಲಂಕಾರ ಯಾರಿಗೆ ಬೇಕು?

ರಕ್ಷಾಪುಟದ ಚಿತ್ರದ ಮಾತು ಹಾಗಲ್ಲ. ಇಂಗ್ಲಿಷ್ ಪುಸ್ತಕಗಳ ಚಿತ್ರ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಹಿಡಿದು ಅಂತರ್ಜಾಲದಿಂದ ತಾನಾಗಿ ಬರುತ್ತಿತ್ತು. ಆ ಸಂಖ್ಯೆಯೇ ಇಲ್ಲದ ನಮ್ಮ ಹಳೆಯ ಕನ್ನಡ ಪುಸ್ತಕಗಳ ಜಾಗದಲ್ಲಿ ಖಾಲಿ ಚೌಕ. ಸ್ವಂತ ಮನೆಯಲ್ಲೇ ಅತಿಥಿಗಳಂತೆ ಕೂತಿದ್ದವು. ನಾವೇ ಒಂದೊಂದನ್ನು ಸ್ಕ್ಯಾನ್ ಮಾಡಿ ಏರಿಸತೊಡಗಿದೆವು.

ಮೇಷ್ಟ್ರು ಮತ್ತೆ ಬಂದರು. ಈ ಸಲ ಪರದೆಯ ಮುಂದೆ ಬಹಳ ಹೊತ್ತು ಕೂತು, ಕೊನೆಗೆ ಕನ್ನಡಕ ಸರಿಮಾಡಿಕೊಳ್ಳುತ್ತ ನನ್ನ ಮೇಜಿಗೆ ಬಂದು ತಕರಾರು ತೆಗೆದರು: "ಈ ರಕ್ಷಾಪುಟ ಎರಡನೆಯ ಮುದ್ರಣದ್ದು. ನಾನು ಓದಿದ್ದು ಮೊದಲನೆಯದು. ಅದರ ಚಿತ್ರ ಯಾವಾಗ ಹಾಕುತ್ತೀರಿ?"

ನಮಸ್ಕಾರ.