ಕಿಡಿ ಹಾರುವ ಕಡೆ ಯಾವ ಕನ್ನಡಕ?

ಕೇಳುಗರೇ, ನಮಸ್ಕಾರ.

ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪುಗಳನ್ನು ನೀವು ನೋಡಿರುತ್ತೀರಿ. ಕಟಿಂಗ್, ಗ್ರೈಂಡಿಂಗ್, ವೆಲ್ಡಿಂಗ್ ಎಲ್ಲಕ್ಕೂ ಅಲ್ಲಿ ಒಂದೇ ಕನ್ನಡಕ. ಅದೂ ಫುಟ್‌ಪಾತಿನಲ್ಲಿ ಕೊಂಡ ಕೂಲಿಂಗ್ ಗ್ಲಾಸ್! ಏನೋ ಒಂದು ಹಾಕಿಕೊಂಡಿದ್ದೇವೆ ಅನ್ನುವ ಧೈರ್ಯ ಬಿಟ್ಟರೆ ಅದರಿಂದ ಬೇರೇನೂ ಸಿಗುವುದಿಲ್ಲ.

ಕನ್ನಡಕ ಕೊಳ್ಳುವ ಮುಂಚೆ ಯೋಚಿಸಿ: ಈ ಕೆಲಸದಲ್ಲಿ ಕಣ್ಣಿಗೆ ಬಂದು ಬೀಳುವುದು ಏನು? ಚೂರೋ, ಬೆಳಕೋ, ಸುಣ್ಣ-ಆಸಿಡ್ಡೋ?

ಗ್ರೈಂಡಿಂಗಿನಲ್ಲಿ ಚೂರು ಎದುರಿನಿಂದಲೇ ಬರಬೇಕೆಂದಿಲ್ಲ, ಪಕ್ಕದಿಂದಲೂ ನುಗ್ಗುತ್ತದೆ. ಹಾಗಾಗಿ ಪಕ್ಕಕ್ಕೂ ಮರೆ ಇರುವ, ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಕನ್ನಡಕ ಬೇಕು. ಭಾರತದ ಮಾನದಂಡವಾದ ಐಎಸ್ 5983 ಅಥವಾ ಯುರೋಪಿನ ಇಎನ್ 166 ಅನ್ನುವ ಗುರುತು ಇದೆಯೇ ನೋಡಿ. ಇಎನ್ ಕನ್ನಡಕದ ಗಾಜಿನ ಮೇಲೆ ಎಫ್ ಅಂತ ಇದ್ದರೆ, ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಂದ ಪುಟ್ಟ ಉಕ್ಕಿನ ಗುಂಡನ್ನು ಅದು ತಡೆದಿದೆ ಎಂದರ್ಥ. ಕಟಿಂಗ್ ವ್ಹೀಲ್ ಒಡೆದರೆ ಇಷ್ಟೂ ಸಾಲದು. ಕನ್ನಡಕದ ಮೇಲೆ ಮುಖಕ್ಕೆ ಫೇಸ್ ಶೀಲ್ಡ್ ಕೂಡ ಇರಲಿ. ಓದುವ ಕನ್ನಡಕ ಇದಕ್ಕೆ ಆಗುವುದಿಲ್ಲ. ಅದರ ಮೇಲೆಯೇ ಹಾಕುವಂಥ ಅಗಲದ ಕನ್ನಡಕ ಸಿಗುತ್ತದೆ.

ವೆಲ್ಡಿಂಗಿನ ಕಥೆ ಬೇರೆ. ಅಲ್ಲಿ ಹೊಡೆಯುವುದು ಬೆಳಕು. ಹಗಲಲ್ಲಿ ಏನೂ ಅನ್ನಿಸುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ಎರಚಿದಂತೆ ಉರಿ. ಆರ್ಕ್ ವೆಲ್ಡಿಂಗಿಗೆ, ಅಂದರೆ ಕರೆಂಟಿನ ಕಿಡಿಯಿಂದ ಮಾಡುವ ವೆಲ್ಡಿಂಗಿಗೆ, ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಜಾಸ್ತಿ ನಂಬರಿನ ಕಪ್ಪು ಗಾಜು ಬೇಕು; ನಂಬರು ಜಾಸ್ತಿಯಾದಷ್ಟೂ ಗಾಜು ಕಪ್ಪು. ಕರೆಂಟು ಏರಿದಷ್ಟೂ ನಂಬರೂ ಏರಬೇಕು. ಗ್ಯಾಸ್ ಕಟಿಂಗಿನ ಗಾಗಲ್ಸ್ ಅಷ್ಟು ಕಪ್ಪಗಿರುವುದಿಲ್ಲ, ಅದನ್ನೇ ಆರ್ಕಿಗೆ ಹಾಕಬೇಡಿ. ಇನ್ನು ಪಕ್ಕದಲ್ಲಿ ಪೈಪು ಹಿಡಿದು, ಸುಮ್ನೆ ಮುಖ ತಿರುಗಿಸಿ ನಿಲ್ಲುವ ಹೆಲ್ಪರ್ ಹುಡುಗನಿಗೂ ಕಣ್ಣಿದೆ ಅಲ್ವಾ? ವೆಲ್ಡಿಂಗ್ ಮುಗಿದು, ಬೆಸುಗೆಯ ಮೇಲೆ ಕಟ್ಟಿದ ಸ್ಲ್ಯಾಗ್ ಅನ್ನುವ ಗಟ್ಟಿ ಪದರ ಕುಟ್ಟುವಾಗ ಕಪ್ಪು ಗಾಜಿನ ಶೀಲ್ಡ್ ಪಕ್ಕಕ್ಕಿಡುತ್ತಾರೆ. ಸುಡುವ ಚೂರು ಹಾರುವುದು ಆಗಲೇ. ಒಳಗೆ ಬಿಳಿ ಗಾಜಿನ ಸೇಫ್ಟಿ ಕನ್ನಡಕ ಇದ್ದರೆ ಚಿಂತೆ ಕಮ್ಮಿ.

ಸುಣ್ಣ, ಆಸಿಡ್ ಕೆಲಸಕ್ಕೆ ಮುಖಕ್ಕೆ ಸುತ್ತಲೂ ಅಂಟಿ ಕೂರುವ ಗಾಗಲ್ಸ್ ಬೇಕು. ಕಣ್ಣಿಗೆ ಬಿದ್ದರೆ ತಕ್ಷಣ ಕನಿಷ್ಠ 15 ನಿಮಿಷ ನೀರು ಹರಿಸಿ ತೊಳೆದು, ಆಸ್ಪತ್ರೆಗೆ ಹೋಗಿ.

ಮಾಲೀಕರಿಗೆ ಒಂದು ಮಾತು. ಮಂಜು ಕಟ್ಟುವ, ಗೀರು ಬಿದ್ದ ಕನ್ನಡಕ ಕೊಟ್ಟರೆ ಅದು ಹತ್ತೇ ನಿಮಿಷಕ್ಕೆ ಹಣೆ ಮೇಲೇರುತ್ತದೆ. ಕೆಲಸಗಾರರಿಗೇ ಹಾಕಿ ನೋಡಲು ಬಿಟ್ಟು, ಆಮೇಲೆ ಕೊಳ್ಳಿ.

ಇಷ್ಟಾದರೂ ಚೂರು ಹೊಕ್ಕರೆ ಬೆಂಕಿಕಡ್ಡಿಯಲ್ಲಿ ಕೆದಕಿಸಿಕೊಳ್ಳಬೇಡಿ, ಕಣ್ಣು ಉಜ್ಜಬೇಡಿ. ಕಬ್ಬಿಣದ ಚೂರು ಕಣ್ಣಿನಲ್ಲೇ ತುಕ್ಕು ಹಿಡಿಯುತ್ತದೆ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.