ಕೇಳುವ ಮೊದಲೇ ತೀರ್ಮಾನವಾಗಬೇಕಾದದ್ದು: ನಾಗರಿಕರ ಭಾಗವಹಿಸುವಿಕೆ ಮತ್ತು ಡಿಜಿಟಲ್ ತಂತ್ರಜ್ಞಾನ

ಎಲ್ಲರಿಗೂ ನಮಸ್ಕಾರ.

ಜನರಿಗೆ ಗೊತ್ತಿರುವ ಸಂಗತಿಯನ್ನು ಕಲೆಹಾಕುವುದು ಒಂದು ಕೆಲಸ, ಅವರ ಅಭಿಪ್ರಾಯ ತಿಳಿಯುವುದು ಇನ್ನೊಂದು, ನಿರ್ಧಾರವನ್ನೇ ಅವರ ಕೈಗೆ ಒಪ್ಪಿಸುವುದು ಮತ್ತೊಂದು. ಈ ಎಲ್ಲಕ್ಕೂ ನಾವು ‘ಭಾಗವಹಿಸುವಿಕೆ’ ಎಂದೇ ಹೇಳುತ್ತೇವೆ. ಒಂದಕ್ಕೆಂದು ಮಾಡಿದ ಸಾಧನವನ್ನು ಇನ್ನೊಂದಕ್ಕೆ ಬಳಸಿದ ಕಡೆ ಯೋಜನೆಗಳು ಮುಗ್ಗರಿಸುತ್ತವೆ.

ಮೊದಲನೆಯದನ್ನು ನೋಡೋಣ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿಗೆ ಸರಿಯಾದ ಡಿಜಿಟಲ್ ನಕ್ಷೆಯೇ ಇರಲಿಲ್ಲ. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಉಪಗ್ರಹ ಚಿತ್ರಗಳ ಮೇಲೆ ಗೆರೆ ಎಳೆಯುತ್ತ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಅಲ್ಲಿನ ರಸ್ತೆಗಳನ್ನು ತುಂಬಿದರು. ಪರಿಹಾರ ತಂಡಗಳು ಆ ನಕ್ಷೆಯನ್ನು ಬಳಸಿದವು. ದೂರದಲ್ಲಿ ಕೂತವರಿಗೆ ರಸ್ತೆಯ ಗೆರೆ ಕಾಣುತ್ತದೆ ನಿಜ. ಆದರೆ ಆ ರಸ್ತೆಯ ಹೆಸರನ್ನು ಹೇಳಬಲ್ಲವರು ಅಲ್ಲಿನ ಜನರೇ.

ಇಂಥ ಸಂಗ್ರಹದಲ್ಲಿ ಹೆಚ್ಚಾಗಿ ಮರೆತುಹೋಗುವುದು ಹುಡುಕಾಟದ ಪ್ರಮಾಣ. ಹಕ್ಕಿ ವೀಕ್ಷಕರ ಇಬರ್ಡ್ ತಾಣ 2002ರಿಂದ ನಡೆಯುತ್ತಿದೆ. ಅಲ್ಲಿ ಪಟ್ಟಿ ಸಲ್ಲಿಸುವವರು ಎಷ್ಟು ಹೊತ್ತು ನೋಡಿದರು, ಎಷ್ಟು ದೂರ ನಡೆದರು ಎಂಬುದನ್ನೂ ಬರೆಯುತ್ತಾರೆ. ಕೊನೆಗೊಂದು ಪ್ರಶ್ನೆ ಇರುತ್ತದೆ: ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಈ ಪಟ್ಟಿಯಲ್ಲಿ ಸೇರಿಸಿದ್ದೀರಾ? ಹೌದು ಎಂದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಅಲ್ಲಿ ಕಾಣಲಿಲ್ಲ ಎಂಬುದೂ ಮಾಹಿತಿಯಾಗುತ್ತದೆ. ಆ ಪ್ರದೇಶಕ್ಕೆ, ಆ ಕಾಲಕ್ಕೆ ಅಪರೂಪವೆನಿಸುವ ಹಕ್ಕಿಯಿದ್ದರೆ ದಾಖಲೆ ಅಲ್ಲಿನ ಪರಿಶೀಲಕರ ಬಳಿಗೆ ಹೋಗುತ್ತದೆ. ರಸ್ತೆಗುಂಡಿ, ಬೀದಿದೀಪಗಳ ದೂರು ಪಡೆಯುವ ಬಹುತೇಕ ಆ್ಯಪ್‌ಗಳಲ್ಲಿ ಇಂಥ ಪ್ರಶ್ನೆ ಇರುವುದಿಲ್ಲ. ಹಾಗಾಗಿ ದೂರು ಬಾರದ ಬಡಾವಣೆಯಲ್ಲಿ ಗುಂಡಿಗಳಿಲ್ಲವೋ, ದೂರು ಕೊಡುವವರಿಲ್ಲವೋ ಗೊತ್ತಾಗದು. ಆ ನಕ್ಷೆಯನ್ನೇ ನಂಬಿ ಹಣ ಹಂಚಿದರೆ, ಫೋನು ಮತ್ತು ಬಿಡುವು ಎರಡೂ ಇರುವವರ ಬೀದಿಗಳೇ ಮತ್ತೆ ಮತ್ತೆ ರಿಪೇರಿಯಾಗುತ್ತವೆ. ತಿಂಗಳಿಗೊಮ್ಮೆ, ಚೀಟಿ ಎತ್ತಿ ಆರಿಸಿದ ಕೆಲವು ಬೀದಿಗಳನ್ನು ಸಿಬ್ಬಂದಿಯೇ ನಡೆದು ನೋಡಿ ದೂರುಗಳ ಜೊತೆ ಹೋಲಿಸಿದರೆ ಈ ಓರೆ ಎಷ್ಟೆಂಬುದು ತಿಳಿಯುತ್ತದೆ.

ಅಭಿಪ್ರಾಯದ ವಿಷಯದಲ್ಲಿ ಸಂಖ್ಯೆಯ ಮೋಹ ದೊಡ್ಡದು. 2017ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ನೆಟ್ ನ್ಯೂಟ್ರಾಲಿಟಿ (ಇಂಟರ್ನೆಟ್ ಕಂಪನಿಗಳು ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕೆಂಬ) ನಿಯಮವನ್ನು ತೆಗೆಯುವ ಬಗ್ಗೆ ಸಾರ್ವಜನಿಕರನ್ನು ಕೇಳಿದಾಗ 2.2 ಕೋಟಿಗೂ ಹೆಚ್ಚು ಅಭಿಪ್ರಾಯಗಳು ಬಂದವು. ಅದರಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿಯ 2021ರ ವರದಿ ಹೇಳಿತು. ನಿಯಮ ತೆಗೆಯಿರಿ ಎಂದ ಲಕ್ಷಾಂತರ ನಕಲಿಗಳ ಹಿಂದೆ ಇಂಟರ್ನೆಟ್ ಉದ್ಯಮದ ಹಣವಿತ್ತು. ನಿಯಮ ಉಳಿಸಿ ಎನ್ನುವ ಕಡೆಯಿಂದ 19 ವರ್ಷದ ಒಬ್ಬನೇ ವಿದ್ಯಾರ್ಥಿ 77 ಲಕ್ಷ ಹಾಕಿದ್ದ. ಒಂದೇ ವಾಕ್ಯ ಮರುಕಳಿಸಿದೆಯೇ ಎಂದು ನೋಡಿ ನಕಲಿ ಹಿಡಿಯುವ ಉಪಾಯವೂ ಈಗ ಸಾಲದು. ಪ್ರತಿ ಪತ್ರವನ್ನೂ ಬೇರೆ ಮಾತುಗಳಲ್ಲಿ ಬರೆದುಕೊಡುವ ಯಂತ್ರಗಳಿವೆ.

ಸಂಖ್ಯೆಯ ಬದಲು ಇನ್ನೇನನ್ನು ಅಳೆಯಬಹುದು? ಪೋಲಿಸ್ ಎಂಬ ಮುಕ್ತ ತಂತ್ರಾಂಶವನ್ನು ಗಮನಿಸಿ (ಖಾಕಿಗೂ ಇದಕ್ಕೂ ಸಂಬಂಧವಿಲ್ಲ). ತೈವಾನಿನಲ್ಲಿ 2015ರಲ್ಲಿ ಊಬರ್ ಕುರಿತ ಚರ್ಚೆಗೆ ಇದನ್ನು ಬಳಸಿದರು. ಭಾಗವಹಿಸುವವರು ಚಿಕ್ಕ ಹೇಳಿಕೆ ಬರೆಯುತ್ತಾರೆ. ಉಳಿದವರು ಒಪ್ಪುತ್ತೇನೆ, ಒಪ್ಪುವುದಿಲ್ಲ, ಬಿಟ್ಟುಬಿಡಿ ಎಂಬ ಮೂರರಲ್ಲಿ ಒಂದನ್ನು ಒತ್ತುತ್ತಾರೆ. ಹೇಳಿಕೆಗೆ ಉತ್ತರ ಬರೆಯುವ ಜಾಗವೇ ಇಲ್ಲ, ಹಾಗಾಗಿ ಜಗಳ ಬೆಳೆಯುವುದಿಲ್ಲ. ಒಂದೇ ರೀತಿ ಮತ ಹಾಕಿದವರನ್ನು ಲೆಕ್ಕಾಚಾರ ಗುಂಪುಗಳಾಗಿ ವಿಂಗಡಿಸುತ್ತದೆ. ಸಹಮತ ಅಳೆಯುವಾಗ ಪ್ರತಿ ಗುಂಪಿನೊಳಗಿನ ಒಪ್ಪಿಗೆಯ ಪಾಲನ್ನು ಒಂದಕ್ಕೊಂದು ಗುಣಿಸುತ್ತದೆ. ಒಂದು ಹೇಳಿಕೆಗೆ ಮೊದಲ ಗುಂಪಿನಲ್ಲಿ 0.9, ಇನ್ನೊಂದರಲ್ಲಿ 0.2 ಒಪ್ಪಿಗೆ ಇದ್ದರೆ ಗುಣಲಬ್ಧ 0.18, ಎರಡನೆಯ ಹೇಳಿಕೆಗೆ ಎರಡೂ ಗುಂಪುಗಳಲ್ಲಿ 0.7 ಇದ್ದರೆ 0.49. ಮೊದಲ ಗುಂಪಿನಲ್ಲಿ ಹತ್ತು ಪಟ್ಟು ಜನರಿದ್ದರೂ ಎರಡನೆಯ ಹೇಳಿಕೆಯೇ ಮೇಲೆ ನಿಲ್ಲುತ್ತದೆ.

ಹಾಗೆಂದು ಇದು ವಂಚನೆಯನ್ನು ಪೂರ್ತಿ ತಡೆಯುವುದಿಲ್ಲ. ನಕಲಿ ಖಾತೆಗಳು ಸೇರಿ ತಮ್ಮದೇ ಗುಂಪು ಕಟ್ಟಿಕೊಂಡು ಎಲ್ಲಕ್ಕೂ ‘ಒಪ್ಪುವುದಿಲ್ಲ’ ಎಂದರೆ ಸಹಮತ ಕುಸಿಯುತ್ತದೆ. ಒಬ್ಬರಿಗೆ ಒಂದೇ ಖಾತೆ ಎಂಬ ಖಾತರಿ ಬೇಕೇಬೇಕು. ಇನ್ನೊಂದು ತೊಂದರೆ ಹೇಳಿಕೆಗಳದ್ದೇ. “ಬಸ್ಸು ಹೆಚ್ಚಿಸಬೇಕು, ದರ ಇಳಿಸಬೇಕು” ಎಂಬ ಹೇಳಿಕೆಗೆ ಬಿದ್ದ ಮತ ಯಾವ ಅರ್ಧಕ್ಕೆ ಸೇರಿದ್ದು? ಅದನ್ನು ಎರಡಾಗಿ ಒಡೆಯಬೇಕು. ಮೊದಲು ಬಂದವರ ದನಿಯೇ ಚರ್ಚೆಯ ದನಿಯಾಗದಂತೆ, ಪರ, ವಿರೋಧ, ನಡುವಿನ ನಿಲುವುಗಳ ಹತ್ತು-ಹದಿನೈದು ಹೇಳಿಕೆಗಳನ್ನು ಮೊದಲೇ ಹಾಕಿಡಬೇಕು. ಬಂದ ಫಲಿತಾಂಶವನ್ನು ಜನಾದೇಶವೆಂದು ಓದಬಾರದು. ಭಾಗವಹಿಸಿದವರ ನಡುವೆ ಎಲ್ಲಿ ಹೊಂದಾಣಿಕೆಯಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ.

ಇನ್ನು ನಿರ್ಧಾರ. ಮ್ಯಾಡ್ರಿಡ್ ನಗರದ ‘ಡಿಸೈಡ್ ಮ್ಯಾಡ್ರಿಡ್’ ತಾಣ 2015ರಲ್ಲಿ ಶುರುವಾಯಿತು. 16 ವರ್ಷ ದಾಟಿದ ನಿವಾಸಿಗಳ ಶೇ. 1ರಷ್ಟು, ಅಂದರೆ ಸುಮಾರು 27,000 ಜನರ ಬೆಂಬಲ ಸಿಕ್ಕ ಪ್ರಸ್ತಾವ ನಗರದ ಮತದಾನಕ್ಕೆ ಹೋಗಬೇಕು ಎಂಬುದು ಅಲ್ಲಿನ ನಿಯಮ. ಸಾವಿರಾರು ಪ್ರಸ್ತಾವಗಳು ಬಂದವು. 2017ರ ಮತದಾನದವರೆಗೆ ಮುಟ್ಟಿದ್ದು ಎರಡೇ. ಶೇ. 1 ಎಂದರೆ ಕೇಳಲು ಕಡಿಮೆ. ಆದರೆ ಒಂದೇ ಮಾತನ್ನು ಹತ್ತಾರು ಜನ ಬೇರೆ ಬೇರೆಯಾಗಿ ಬರೆದಾಗ ಬೆಂಬಲ ಚದುರಿಹೋಗುತ್ತದೆ. ಹೊಸ ಪ್ರಸ್ತಾವದ ಶೀರ್ಷಿಕೆ ಟೈಪಿಸುವಾಗಲೇ ಹೋಲುವ ಹಳೆಯವನ್ನು ಮುಂದಿಡುವುದು, ಲೇಖಕರ ಒಪ್ಪಿಗೆ ಪಡೆದು ಅವನ್ನು ಒಂದುಗೂಡಿಸುವುದು ಮಿತಿ ಇಳಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಬಾರ್ಸಿಲೋನಾದಲ್ಲಿ ಹುಟ್ಟಿದ ಡೆಸಿಡಿಮ್ ತಂತ್ರಾಂಶದಲ್ಲಿ ಪ್ರತಿ ಪ್ರಸ್ತಾವಕ್ಕೂ ‘ಒಪ್ಪಲಾಗಿದೆ’, ‘ತಿರಸ್ಕರಿಸಲಾಗಿದೆ’, ‘ಪರಿಶೀಲನೆಯಲ್ಲಿದೆ’ ಎಂಬ ಸ್ಥಿತಿಯನ್ನೂ ಅಧಿಕೃತ ಉತ್ತರವನ್ನೂ ದಾಖಲಿಸಬಹುದು. ಒಪ್ಪಿದ್ದನ್ನು ಕಾಮಗಾರಿಗೆ ಜೋಡಿಸಿ ಅದು ಎಷ್ಟು ಮುಗಿದಿದೆ ಎಂದು ತೋರಿಸಬಹುದು. ಆದರೆ ಆ ಉತ್ತರ ಬರೆಯುವವರು ಯಾರು? ಲೆಕ್ಕ ಹಾಕಿ ನೋಡಿ. 2,000 ಪ್ರಸ್ತಾವಗಳು ಬಂದು, ತಲಾ 15 ನಿಮಿಷ ಓದಿ ಉತ್ತರಿಸುವುದಾದರೆ 500 ಗಂಟೆ ಬೇಕು. ದಿನಕ್ಕೆ ಎಂಟು ಗಂಟೆಯಂತೆ ಇದೊಂದನ್ನೇ ಮಾಡಿದರೂ ಒಬ್ಬ ಸಿಬ್ಬಂದಿಗೆ 62 ದಿನಕ್ಕೂ ಮಿಕ್ಕಿದ ಕೆಲಸ. ಬಜೆಟ್ ಅಂತಿಮವಾಗುವುದು ಒಂದು ತಿಂಗಳಲ್ಲಿ ಎಂದಾದರೆ ಕನಿಷ್ಠ ಮೂವರನ್ನು ಪೂರ್ತಿಯಾಗಿ ಇದಕ್ಕೇ ಬಿಡಬೇಕು. ಅಷ್ಟು ಜನರಿಲ್ಲದಿದ್ದರೆ ಊರಿಗೆಲ್ಲ ಏನು ಬೇಕು ಎಂದು ಕೇಳದೆ, ಒಂದು ರಸ್ತೆಯ ಬಗ್ಗೆ ಅಥವಾ ಒಂದು ಉದ್ಯಾನದ ಬಗ್ಗೆ ಕೇಳಿ, ಉತ್ತರ ಪ್ರಕಟವಾಗುವ ದಿನಾಂಕವನ್ನು ಪ್ರಶ್ನೆಯ ಜೊತೆಗೇ ಹಾಕಬೇಕು.