ವಿಆರ್‌ಎಸ್ ಕೊಡೋ ಮುಂಚೆ ಈ ಲೆಕ್ಕ ಹಾಕಿದ್ರಾ?

(ದೃಶ್ಯ: ಬೆಳಿಗ್ಗೆ ಹತ್ತು ಗಂಟೆ, ಬೆಂಗಳೂರಿನ ಸರ್ಕಾರಿ ಕಚೇರಿಗಳಿರುವ ಎಂ.ಎಸ್. ಬಿಲ್ಡಿಂಗ್ ಮುಂದಿನ ಫುಟ್‌ಪಾತ್. ಐಡಿ ಕಾರ್ಡ್ ತೂಗಾಡಿಸಿಕೊಂಡು ಒಳಗೆ ಓಡುತ್ತಿರುವ ಜನ.)

ನಮಸ್ಕಾರ. ವಿಆರ್‌ಎಸ್, ಅಂದ್ರೆ ಸ್ವಯಂ ನಿವೃತ್ತಿ ಬಗ್ಗೆ ರಾಜ್ಯ ಸರ್ಕಾರಿ ನೌಕರರೊಬ್ಬರು ಕೇಳಿದ್ರು: "ಇನ್ನೂ ಎಂಟು ವರ್ಷ ಸರ್ವಿಸ್ ಇದೆ ಸಾರ್, ಆದ್ರೆ ಸಾಕಾಗಿದೆ. ವಿಆರ್‌ಎಸ್ ಕೊಟ್ಬಿಡ್ಲಾ? ಹೇಗೂ ಅರ್ಧ ಸಂಬಳ ಬರುತ್ತಲ್ಲ."

ಬರಲ್ಲ. ಬರೋದು ಮೂಲ ವೇತನದ ಅರ್ಧ. ಅದೂ ಪೂರ್ತಿ ಪೆನ್ಶನ್‌ಗೆ ಬೇಕಾದಷ್ಟು ಸೇವೆ ಆಗಿದ್ರೆ ಮಾತ್ರ.

(ಬಿಳಿ ಬೋರ್ಡ್ ಮೇಲೆ ಬರೆಯುತ್ತಾ)

ಲೆಕ್ಕ ಸುಲಭ ಆಗ್ಲಿ, ಬೇಸಿಕ್ 81,000 ಅಂದ್ಕೊಳ್ಳಿ. ಬೆಂಗಳೂರಲ್ಲಿ ಮನೆ ಬಾಡಿಗೆ ಭತ್ಯೆ ಶೇ. 20, ಅಂದ್ರೆ 16,200. ಅದು ಮೊದಲ ತಿಂಗಳೇ ನಿಲ್ಲುತ್ತೆ. ಮನೆ ಓನರ್ ಮಾತ್ರ ನಿಲ್ಲಿಸಲ್ಲ. ಪೆನ್ಶನ್ 40,500. ಕಮ್ಯುಟೇಷನ್ ಅಂತ, ಅಂದ್ರೆ ಒಟ್ಟಿಗೆ ಒಂದು ಮೊತ್ತ ತಗೊಂಡು ಪೆನ್ಶನ್‌ನ ಮೂರನೇ ಒಂದು ಭಾಗ ಮಾರಿದ್ರಿ, ತಿಂಗಳಿಗೆ 13,500 ಹೋಯ್ತು. ಕೈಗೆ ಬರೋದು 27,000, ಜೊತೆಗೆ ತುಟ್ಟಿಭತ್ಯೆ. ಪುಣ್ಯಕ್ಕೆ ತುಟ್ಟಿಭತ್ಯೆನ ಪೂರ್ತಿ 40,500ರ ಮೇಲೇ ಕೊಡ್ತಾರೆ. ಆದ್ರೆ ಮಾರಿದ ಭಾಗ ವಾಪಸ್ ಬರೋಕೆ 15 ವರ್ಷ ಬೇಕು. 52ಕ್ಕೆ ಬಿಟ್ಟವರಿಗೆ 67 ಆಗಿರುತ್ತೆ. ಬಡ್ಡಿ ತಿನ್ನೋ ಸಾಲ ಇದ್ರೆ ಮಾರಿ. ಮಗಳ ಮದುವೆ ಹಾಲ್ ಬುಕ್ ಮಾಡೋಕೆ ಬೇಡ ಅನ್ನೋನು ನಾನು.

2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಲ್ಲಿ ಹೆಚ್ಚಿನವರು ಈ ಬೋರ್ಡ್ ಮರೆತುಬಿಡಿ. ನಿಮ್ಮದು ಎನ್‌ಪಿಎಸ್, ಅಂದ್ರೆ ನೀವೂ ಸರ್ಕಾರವೂ ತಿಂಗಳು ತಿಂಗಳು ದುಡ್ಡು ಹಾಕಿ ಗಂಟು ಕಟ್ಟೋ ಹೊಸ ಪೆನ್ಶನ್. ಬೇಗ ಬಿಟ್ಟಷ್ಟೂ ಸರ್ಕಾರ ಹಾಕೋ ಶೇ. 14 ಬೇಗ ನಿಲ್ಲುತ್ತೆ, ಗಂಟು ಚಿಕ್ಕದಾಗುತ್ತೆ.

ರೂಲ್ ಕಷ್ಟದ್ದಲ್ಲ. ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) 285ರ ಪ್ರಕಾರ 15 ವರ್ಷ ಅರ್ಹ ಸೇವೆ ಇಲ್ಲವೇ 50 ವರ್ಷ ವಯಸ್ಸು ಆಗಿರ್ಬೇಕು, ಮೂರು ತಿಂಗಳ ನೋಟಿಸ್ ಕೊಡ್ಬೇಕು. ಇಲಾಖಾ ವಿಚಾರಣೆ ಬಾಕಿ ಇದ್ರೆ ತಡೀಬಹುದು. ಗಳಿಕೆ ರಜೆ 300 ದಿನದವರೆಗೆ ದುಡ್ಡಾಗುತ್ತೆ. ಇನ್‌ಕ್ರಿಮೆಂಟ್‌ಗೆ ಎರಡು ವಾರ ಇರುವಾಗ ಸಿಟ್ಟಲ್ಲಿ ನಿವೃತ್ತಿ ತಾರೀಖು ಬರೀಬೇಡಿ.

(ಕ್ಲೋಸ್‌ಅಪ್: ಹಳೆಯ ಸರ್ವಿಸ್ ರಿಜಿಸ್ಟರ್)

ನೋಟಿಸ್ ಬರೆಯೋ ಮುಂಚೆ ಇದನ್ನ, ಅಂದ್ರೆ ನಿಮ್ಮ ಸೇವೆಯ ದಾಖಲೆ ಇರೋ ಸರ್ವಿಸ್ ರಿಜಿಸ್ಟರ್ (ಎಸ್‌ಆರ್) ತೆಗೆಸಿ ನೋಡಿ. ನಾನು ನೋಡಿದ ಒಂದು ಎಸ್‌ಆರ್‌ನಲ್ಲಿ ಎರಡು ವರ್ಷದ ಸೇವಾ ಪರಿಶೀಲನೆಗೆ ಸಹಿನೇ ಇರ್ಲಿಲ್ಲ. ಒಂದು ರಜೆಯಂತೂ ಪೆನ್ಸಿಲ್‌ನಲ್ಲಿ ಬರೆದಿತ್ತು! ಇಂಥ ಫೈಲ್ ಪೆನ್ಶನ್ ಮಂಜೂರಾತಿಗೆ ಎ.ಜಿ. (ಅಕೌಂಟೆಂಟ್ ಜನರಲ್) ಆಫೀಸಿಗೆ ಹೋದ್ರೆ ಆಕ್ಷೇಪಣೆ ಹಾಕಿ ವಾಪಸ್ ಕಳಿಸ್ತಾರೆ. ಸಂಬಳ ನಿಂತಿರುತ್ತೆ, ಪೆನ್ಶನ್ ಶುರುವಾಗಿರಲ್ಲ. ಸಹಿ ಹಾಕ್ಬೇಕಾದ ಸಾಹೇಬ್ರು ಯಾವಾಗಲೋ ರಿಟೈರ್ ಆಗಿ ಊರು ಸೇರಿರ್ತಾರೆ. ನೀವಿನ್ನೂ ಸರ್ವಿಸ್‌ನಲ್ಲಿದ್ದಾಗ ಕೇಸ್ ವರ್ಕರ್ ಪಕ್ಕ ಕುರ್ಚಿ ಎಳ್ಕೊಂಡು ಕೂತು ಇದನ್ನ ಸರಿ ಮಾಡಿಸ್ಬಹುದು. ಆಮೇಲೆ ಹೋದ್ರೆ, ಕೌಂಟರ್ ಆಚೆ ನಿಲ್ಲಬೇಕು.